ಔಷಧಿ ಮುಗಿದ ಮೇಲಿನ ಎರಡು ವರ್ಷ

ತಿರುಪ್ಪೂರಿನಲ್ಲಿ ಬನಿಯನ್ ವ್ಯಾಪಾರ ಮಾಡುವ ನಮ್ಮ ಪರಿಚಯದ ಹಿರಿಯರೊಬ್ಬರಿಗೆ ಕ್ಷಯರೋಗವಾಗಿತ್ತು. ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಿದರು. ಕಫದಲ್ಲಿ ಕ್ರಿಮಿಗಳಿಲ್ಲವೆಂದು ವರದಿ ಬಂದಾಗ ಮನೆಯವರೆಲ್ಲ ನೆಮ್ಮದಿಯ ಉಸಿರುಬಿಟ್ಟರು. ಆರು ತಿಂಗಳ ನಂತರ ಮತ್ತೆ ಬರಬೇಕೆಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆದರೆ ಆ ಹೊತ್ತಿಗೆ ಮಗಳ ಸಂಬಂಧದ ಮಾತುಕತೆ ನಡೆದಿತ್ತು. ಆಸ್ಪತ್ರೆಯಲ್ಲಿ ಯಾರಾದರೂ ಕಂಡರೆ ಏನೆಂದುಕೊಂಡಾರೋ ಎಂದು ಅವರು ಹೋಗಲಿಲ್ಲ. ಮದುವೆಯ ಓಡಾಟದಲ್ಲಿ ಶುರುವಾದ ಕೆಮ್ಮನ್ನು ಗೋದಾಮಿನ ಹತ್ತಿಯ ಧೂಳಿನದೆಂದರು. ಅದು ಧೂಳಿನದಾಗಿರಲಿಲ್ಲ. ಮತ್ತೆ ಮೊದಲಿನಿಂದ ಚಿಕಿತ್ಸೆ ಆರಂಭಿಸಬೇಕಾಯಿತು. ಮನೆಯ ಮೊಮ್ಮಗುವನ್ನೂ ಪರೀಕ್ಷೆಗೆ ಕರೆದೊಯ್ಯಬೇಕಾಯಿತು.

ನಮ್ಮ ಹಿರಿಯರಿಗೆ ಪೆರುಂದುರೈ ಸ್ಯಾನಟೋರಿಯಂ ನೆನಪಿರಬಹುದು. ಆಗ ಆ ಊರು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಕ್ಷಯವೆಂದರೆ ಮನೆ ಬಿಟ್ಟು ತಿಂಗಳುಗಟ್ಟಲೆ ಅಲ್ಲಿರಬೇಕೆಂಬ ಕಾಲವದು. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಅಧ್ಯಯನವು, ಸರಿಯಾಗಿ ಔಷಧಿ ತೆಗೆದುಕೊಂಡರೆ ಮನೆಯಲ್ಲಿದ್ದೇ ಗುಣವಾಗಬಹುದೆಂದು ಜಗತ್ತಿಗೆ ತೋರಿಸಿತು. ಚಿಕಿತ್ಸೆ ಒಂದು ವರ್ಷದ್ದಾಗಿದ್ದರೂ ಆ ವೈದ್ಯರು ರೋಗಿಗಳನ್ನು ಐದು ವರ್ಷ ಗಮನಿಸುತ್ತ ಬಂದರು. ನಾವು ಮನೆಯ ಚಿಕಿತ್ಸೆಯನ್ನು ಸ್ವೀಕರಿಸಿದೆವು, ಆದರೆ ನಂತರದ ಈ ಎಚ್ಚರವನ್ನು ಮರೆತೆವು.

ಚಿಕಿತ್ಸೆ ಪೂರ್ಣಗೊಂಡವರಲ್ಲಿ ಹೆಚ್ಚಿನವರಿಗೆ ರೋಗ ಮರುಕಳಿಸುವುದಿಲ್ಲ. ಮರುಕಳಿಸಿದರೆ ಬಹುಪಾಲು ಮೊದಲ ವರ್ಷ, ಎರಡು ವರ್ಷದೊಳಗೇ. ಆದ್ದರಿಂದಲೇ ಸರ್ಕಾರದ ಕಾರ್ಯಕ್ರಮದಲ್ಲಿ 6, 12, 18 ಮತ್ತು 24ನೆಯ ತಿಂಗಳಲ್ಲಿ ತಪಾಸಣೆ ಮಾಡಬೇಕೆಂದಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ಈ ನಾಲ್ಕು ದಿನಾಂಕಗಳನ್ನು ಅಂಗಡಿಯ ಕ್ಯಾಲೆಂಡರಿನಲ್ಲಿಯೇ ಗುರುತು ಮಾಡಿಡಿ.

ನಡುವೆ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಕಂಡರೆ ದಿನಾಂಕಕ್ಕಾಗಿ ಕಾಯಬಾರದು. ಕಫದಲ್ಲಿ ರಕ್ತ ಕಂಡರೆ ಅಂದೇ ಹೋಗಬೇಕು. ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗುವ ಅಭ್ಯಾಸ ಬೇಡ. ಅವುಗಳಲ್ಲಿ ಕೆಲವು ಕ್ಷಯದ ಕ್ರಿಮಿಯನ್ನು ತಾತ್ಕಾಲಿಕವಾಗಿ ಅಡಗಿಸಿ, ರೋಗ ಪತ್ತೆಯಾಗುವುದನ್ನು ತಡಮಾಡುತ್ತವೆ. ಹಿಂದೆ ಚಿಕಿತ್ಸೆ ಪಡೆದಿದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ. ಈಗಿನ ಕೆಲವು ಪರೀಕ್ಷೆಗಳು ಸತ್ತ ಕ್ರಿಮಿಗಳ ಅಂಶವನ್ನೂ ಹಿಡಿಯುತ್ತವೆ. ಹಳೆಯ ವಿಷಯ ತಿಳಿದಿದ್ದರೆ ಕಲ್ಚರ್ ಮಾಡಿಸಿ ನಿಜ ತಿಳಿಯುತ್ತಾರೆ. ಎಕ್ಸ್‌ರೇಯಲ್ಲಿ ಹಳೆಯ ಕಲೆ ಉಳಿದಿದ್ದರೆ ಹೆದರಬೇಕಾಗಿಲ್ಲ. ಗಾಯ ಮಾಗಿದ ಗುರುತು ಅದು. ಹಳೆಯ ಎಕ್ಸ್‌ರೇಗಳನ್ನು ಮಾತ್ರ ಎಸೆಯದೆ ಜೋಪಾನವಾಗಿಡಿ.

ಕೆಲವರಿಗೆ ಕ್ರಿಮಿ ಹೋದರೂ ಉಸಿರಾಟದ ತೊಂದರೆ ಉಳಿಯುತ್ತದೆ. ಹತ್ತಿಯ ಧೂಳಿನಿಂದ ಕ್ಷಯ ಬರುವುದಿಲ್ಲ. ಆದರೆ ನೊಂದ ಶ್ವಾಸಕೋಶಕ್ಕೆ ಧೂಳೂ ಬೀಡಿಯ ಹೊಗೆಯೂ ಶತ್ರುಗಳೇ. ಕಟಿಂಗ್ ನಡೆಯುವ ಕಡೆ ಕೂರುವ ಬದಲು ಗಾಳಿ ಬರುವ ಕೋಣೆಯಲ್ಲಿ ಗಲ್ಲಾಪೆಟ್ಟಿಗೆ ಇಟ್ಟುಕೊಳ್ಳಬಹುದು. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಯಲ್ಲಿಡಲೇಬೇಕು.

ಮೊಟ್ಟೆ ತಿನ್ನಿ ಎಂದು ಯಾರಾದರೂ ಹೇಳಿದರೆ ನಮ್ಮ ಮನೆಗಳಲ್ಲಿ ಗಾಬರಿ. ಹೆಸರುಕಾಳು, ಕಡಲೆ, ತೊಗರಿಬೇಳೆ, ಶೇಂಗಾ, ಹಾಲು ಇವುಗಳಿಂದಲೂ ದೇಹಕ್ಕೆ ಬೇಕಾದ ಸಸಾರಜನಕ ಸಿಗುತ್ತದೆ. ಸೂರ್ಯಾಸ್ತದೊಳಗೆ ಉಣ್ಣುವವರು ಹಗಲಿನಲ್ಲೇ ಮೂರು ನಾಲ್ಕು ಬಾರಿ ಹಂಚಿಕೊಂಡು ತಿನ್ನಲಿ. ದಶಲಕ್ಷಣ ಪರ್ವದಲ್ಲಿ ದೀರ್ಘ ಉಪವಾಸ ಕೈಗೊಳ್ಳುವ ಮೊದಲು ವೈದ್ಯರನ್ನು ಕೇಳಲಿ. ಶಕ್ತಿಮೀರಿ ತಪಸ್ಸು ಮಾಡಬೇಕೆಂದು ನಮ್ಮ ಧರ್ಮ ಹೇಳುವುದಿಲ್ಲ. ಆ ವರ್ಷ ಸ್ವಾಧ್ಯಾಯ, ದಾನಗಳಿಂದಲೂ ಪರ್ವವನ್ನು ಆಚರಿಸಬಹುದು.

ಮಗಳ ಮದುವೆಗೆಂದು ರೋಗ ಮುಚ್ಚಿಟ್ಟ ಆ ತಂದೆಯನ್ನು ನಾವು ದೂರುವುದಿಲ್ಲ. ಹಾಗೆ ಮುಚ್ಚಿಡುವಂತೆ ಮಾಡಿದ್ದು ನಮ್ಮ ಸಮಾಜದ ಪಿಸುಮಾತು. ಗುಣವಾದವರ ಮನೆಯಿಂದ ಹೆಣ್ಣು ತರುವುದಕ್ಕೆ ಹಿಂಜರಿಯುವುದನ್ನು ನಾವು ಬಿಟ್ಟರೆ, ಚೀಟಿಯಲ್ಲಿ ಬರೆದ ದಿನಾಂಕಕ್ಕೆ ಎಲ್ಲರೂ ತಲೆಯೆತ್ತಿಕೊಂಡು ಆಸ್ಪತ್ರೆಗೆ ಹೋಗುವರು.