ಗಾಳಿಯ ಗೊಬ್ಬರಕ್ಕೆ ಕೂಲಿ ಕೊಡುವವರು ಯಾರು?

ಮುಂಗಾರು ಹಿಡಿಯುವ ಹೊತ್ತಿಗೆ ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳದ ಕಡೆ ಕಾಫಿ ತೋಟಗಳಲ್ಲಿ ನೆರಳು ಮರಗಳ ರೆಂಬೆ ಸವರುವ ಮರಗಸಿ ನಡೆಯುತ್ತದೆ. ಏಣಿ ಒರಗಿಸಿ, ಕತ್ತಿ ಹಿಡಿದು ಒಬ್ಬ ಮೇಲೆ ಹತ್ತುತ್ತಾನೆ. ಮೂರು ಮೂರು ಎಲೆಯ ಹಾಲುವಾಣದ ರೆಂಬೆಗಳು ಕಾಫಿ ಸಾಲಿನ ನಡುವೆ ದೊಪ್ಪೆಂದು ಬೀಳುತ್ತವೆ. ಕೆಳಗಿದ್ದವರು ಮುಳ್ಳು ತಪ್ಪಿಸಿಕೊಂಡು ಅವನ್ನು ಕೊಚ್ಚಿ ಗಿಡದ ಬುಡಕ್ಕೆ ಹರಡುತ್ತಾರೆ. ನಾಲ್ಕು ಮಳೆ ಬಿದ್ದರೆ ಎಲೆಯೆಲ್ಲ ಕರಗಿ ನರವಷ್ಟೇ ಉಳಿಯುತ್ತದೆ. ಪಕ್ಕದ ತೋಟದಲ್ಲಿ ಸಿಲ್ವರ್ ಮರಗಳು ಕಂಬದಂತೆ ನೆಟ್ಟಗೆ ನಿಂತಿವೆ, ಮೈಗೆ ಮೆಣಸಿನ ಬಳ್ಳಿ. ಅವುಗಳ ಕೆಳಗೆ ಬಿದ್ದ ತರಗೆಲೆ ಮುಂದಿನ ವರ್ಷವೂ ತರಗೆಲೆಯಾಗಿಯೇ ಇರುತ್ತದೆ.

ಹಾಲುವಾಣ ಅವರೆ, ತೊಗರಿ, ಹುರುಳಿಯ ಕುಲಕ್ಕೆ ಸೇರಿದ್ದು. ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದು ಎಲೆಗೆ ತುಂಬುವ ಮರ. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್‌ಗೆ ಆ ವಿದ್ಯೆ ಇಲ್ಲ. ಹಾಗಿದ್ದೂ ಮಲೆನಾಡಿನ ತೋಟಗಳಲ್ಲಿ ಗೆದ್ದಿದ್ದು ಸಿಲ್ವರ್. ಪುಕ್ಕಟೆ ಗೊಬ್ಬರ ಕೊಡುವ ಮರವನ್ನು ಬೆಳೆಗಾರ ಯಾಕೆ ಕೈಬಿಟ್ಟ? ಅಜ್ಞಾನ ಎನ್ನುವವರಿದ್ದಾರೆ, ದುರಾಸೆ ಎನ್ನುವವರೂ ಇದ್ದಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ‘ಪುಕ್ಕಟೆ’ ಎಂಬ ಮಾತೇ ಸುಳ್ಳು.

ಹಿತ್ತಲಿನಲ್ಲಿರುವ, ಹಾಲುವಾಣದ ಕುಲದ್ದೇ ಆದ ಅಲಸಂದೆ ಗಿಡವೊಂದನ್ನು ಹೂ ಬಿಡುವ ಹೊತ್ತಿಗೆ ಮಣ್ಣುಸಮೇತ ಮೆಲ್ಲಗೆ ಎಬ್ಬಿಸಿ ನೋಡಿ. ಬೇರಿಗೆ ರಾಗಿ ಕಾಳಿನಿಂದ ಹಿಡಿದು ಮೆಣಸಿನ ಕಾಳಿನವರೆಗಿನ ಗಂಟುಗಳು ಅಂಟಿರುತ್ತವೆ. ಒಂದನ್ನು ಉಗುರಿನಲ್ಲಿ ಸೀಳಿ. ಒಳಗೆ ಮಾಂಸದಂತೆ ಕೆಂಪಗಿದ್ದರೆ ಕೆಲಸ ನಡೆಯುತ್ತಿದೆ. ಬೆಳ್ಳಗೋ ಹಸಿರಾಗೋ ಇದ್ದರೆ ಗಂಟು ದಂಡಪಿಂಡ. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿ. ಒಳಗಿರುವ ರೈಜೋಬಿಯಂ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕು, ಆದರೆ ಸಾರಜನಕ ಹಿಡಿಯುವ ಅದರ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಆ ಕೆಂಪು ಪದಾರ್ಥ ಆಮ್ಲಜನಕವನ್ನು ಅಳೆದು ಅಳೆದು ಬಡಿಸುತ್ತದೆ.

ಬೇರುಗಂಟಿನ ಜೀವಿಗಳು ಗಾಳಿಯ ಸಾರಜನಕ ಹಿಡಿಯುತ್ತವೆ ಎಂಬುದನ್ನು 1886ರಲ್ಲಿ ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ಥ್ ಲೋಕಕ್ಕೆ ತಿಳಿಸಿದರು. ಎರಡು ವರ್ಷದಲ್ಲಿ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ. ನಮ್ಮ ರೈತರು ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಹಾಕುತ್ತಿದ್ದುದು ಅದಕ್ಕಿಂತ ಎಷ್ಟೋ ಹಳೆಯ ಪದ್ಧತಿ. ಕಾರಣ ಗೊತ್ತಿಲ್ಲದಿದ್ದರೂ ಫಲ ಕಣ್ಣಿಗೆ ಕಾಣುತ್ತಿತ್ತು.

ಗಾಳಿಯಲ್ಲಿ ಶೇ 78ರಷ್ಟು ಸಾರಜನಕವೇ. ಆದರೆ ಅದರ ಎರಡು ಪರಮಾಣುಗಳು ಮೂರು ಹುರಿ ಹಾಕಿ ಕಟ್ಟಿದಂತೆ ಬಿಗಿದುಕೊಂಡಿರುತ್ತವೆ. 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಶುರುವಾದ ಹೇಬರ್-ಬಾಷ್ ಕಾರ್ಖಾನೆ ಆ ಕಟ್ಟು ಬಿಚ್ಚಲು 400 ಡಿಗ್ರಿಗೂ ಮಿಕ್ಕ ಶಾಖ, ವಾತಾವರಣದ ನೂರಾರು ಪಟ್ಟು ಒತ್ತಡ ಬಳಸಿತು. ಬೇರುಗಂಟು ಅದನ್ನು ತಣ್ಣನೆಯ ಮಣ್ಣಿನಲ್ಲೇ ಮಾಡುತ್ತದೆ. ಹಾಗೆಂದು ಖರ್ಚಿಲ್ಲದೆ ಏನಿಲ್ಲ. ಗಿಡ ತಾನು ಬಿಸಿಲಿನಲ್ಲಿ ದುಡಿದ ಸಕ್ಕರೆಯನ್ನು ಬೇರಿಗಿಳಿಸಿ ಆ ಜೀವಿಗಳಿಗೆ ಉಣಿಸಬೇಕು. ಅದಕ್ಕೇ ಮಣ್ಣಿನಲ್ಲಿ ಸಾರಜನಕ ಧಾರಾಳವಾಗಿದ್ದರೆ ಗಿಡ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಯೂರಿಯಾ ಸುರಿದು, ಜೊತೆಗೆ ಹಾಲುವಾಣವೂ ಸಾರಜನಕ ಕೊಡಲಿ ಎಂದರೆ ಅದೂ ನಮ್ಮಂತೆಯೇ: ಕೂತಲ್ಲಿಗೆ ಊಟ ಬಂದರೆ ಒಲೆ ಹಚ್ಚುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಭಾಷಣಗಳಲ್ಲಿ ಬಹಳ ಓಡಾಡುತ್ತದೆ. ದ್ವಿದಳ ಬೆಳೆ ಪಕ್ಕದಲ್ಲಿದ್ದರೆ ಸಾಕು, ನೆರೆಯ ಗಿಡಕ್ಕೆ ಗೊಬ್ಬರ ಹರಿಯುತ್ತದೆ ಎಂಬುದು. ಗಿಡ ಬದುಕಿರುವಾಗ ಬೇರಿನಿಂದ ಸೋರುವುದು ಅಲ್ಪ. ಎಲೆ ಬಿದ್ದು, ಬೇರು ಸತ್ತು, ಕೊಳೆತ ಮೇಲೆಯೇ ಮಿಕ್ಕವರಿಗೆ ಪಾಲು. ಕಾಳಿನ ಬೆಳೆಯಲ್ಲಂತೂ ಹಿಡಿದ ಸಾರಜನಕದ ದೊಡ್ಡ ಭಾಗ ಕಾಳಿನ ಜೊತೆ ಚೀಲ ಸೇರಿ ಸಂತೆಗೆ ಹೋಗುತ್ತದೆ. ಹಾಸನದ ಕಡೆ ತರಕಾರಿಗೆಂದು ಬೆಳೆಯುವ ಬೀನ್ಸ್ ಈ ಕುಲದಲ್ಲೇ ಸೋಮಾರಿ. ಅದಕ್ಕೆ ಗೊಬ್ಬರ ಹಾಕಿಯೇ ಬೆಳೆಸಬೇಕು. ಗೊಬ್ಬರವಾಗುವುದು ಸೆಣಬು, ಡಯಾಂಚದಂತೆ ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸುವ ಬೆಳೆ, ಇಲ್ಲವೇ ಹಾಲುವಾಣ, ಗ್ಲಿರಿಸಿಡಿಯಾದಂತೆ ಕಡಿದು ಹಾಕುವ ಸೊಪ್ಪು. ಎರಡಕ್ಕೂ ಮನುಷ್ಯನ ಕೈ ಬೇಕು.

ಆ ಕೈಯ ಲೆಕ್ಕ ಹಾಕೋಣ. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ಶೇ 46ರಂತೆ 20.7 ಕಿಲೋ ಸಾರಜನಕ. ಬೇವು ಲೇಪನ, ತೆರಿಗೆ ಬಿಟ್ಟು ಅದಕ್ಕೆ ಕೇಂದ್ರ ಸರ್ಕಾರ ಕಟ್ಟಿದ ಬೆಲೆ 242 ರೂಪಾಯಿ. ಕಿಲೋ ಸಾರಜನಕಕ್ಕೆ ಹನ್ನೆರಡು ರೂಪಾಯಿ ಸುಮಾರು. ಹಾಲುವಾಣದ ಒಣ ಎಲೆಯಲ್ಲಿ ಶೇ 3 ಸಾರಜನಕ, ಹಸಿ ಎಲೆಯಲ್ಲಿ ಮುಕ್ಕಾಲು ಪಾಲು ನೀರು ಎಂದು ಹಿಡಿದರೆ, ಆ ಒಂದು ಚೀಲಕ್ಕೆ ಸಮನಾಗಲು ಎರಡೂಮುಕ್ಕಾಲು ಟನ್ ಹಸಿ ಎಲೆ ಬೇಕು. ಅಷ್ಟನ್ನು ಏಣಿ ಹತ್ತಿ ಕಡಿದು ಹರಡುವ ಕೂಲಿ ಎಷ್ಟೆಂದು ಸಕಲೇಶಪುರದ ಯಾವ ಬೆಳೆಗಾರನನ್ನಾದರೂ ಕೇಳಿ. ಆಳು ಸಿಕ್ಕರೆ ತಾನೇ ಎಂದು ನಗುತ್ತಾನೆ.

ಎಲೆ ಕೊಡುವುದು ಸಾರಜನಕ ಮಾತ್ರವಲ್ಲ, ಅದೂ ನಿಜ. ಮಣ್ಣಿಗೆ ಹೊದಿಕೆಯಾಗುತ್ತದೆ, ಎರೆಹುಳುವಿಗೆ ಮೇವಾಗುತ್ತದೆ, ಮೆಲ್ಲಗೆ ಕರಗುವುದರಿಂದ ಗಿಡಕ್ಕೆ ಹದವಾಗಿ ಸಿಗುತ್ತದೆ. ಘಟ್ಟದಂಚಿನ ಜಡಿಮಳೆಯಲ್ಲಿ ಹಾಕಿದ ಯೂರಿಯಾದ ಎಷ್ಟು ಪಾಲು ಕಾಫಿಗೆ, ಎಷ್ಟು ಪಾಲು ಹಳ್ಳಕ್ಕೆ ಎಂಬುದು ಮಳೆಯ ಮರ್ಜಿ. ಯೂರಿಯಾ ಮಣ್ಣಿನ ಹುಳಿಯನ್ನೂ ಹೆಚ್ಚಿಸುತ್ತದೆ. ಮೊದಲೇ ಮಳೆಗೆ ಸುಣ್ಣ ತೊಳೆದುಹೋದ ಹುಳಿ ಮಣ್ಣು ನಮ್ಮದು. ಅಂಥ ಮಣ್ಣಿನಲ್ಲಿ ಬೇರುಗಂಟಿನ ಕಿಣ್ವಕ್ಕೆ ಬೇಕಾದ ಮಾಲಿಬ್ಡಿನಂ ಸಿಗುವುದು ಕಷ್ಟ, ರೈಜೋಬಿಯಂ ಕೂಡ ಸೊರಗುತ್ತದೆ. ಸುಣ್ಣ ಹಾಕದೆ ದ್ವಿದಳದ ಮಹಿಮೆ ಹೇಳುವುದು ಬತ್ತಿದ ಕೆರೆಗೆ ಮೀನು ಬಿಟ್ಟಂತೆ.

ಆದರೆ ಈ ಲಾಭಗಳೆಲ್ಲ ನಿಧಾನಕ್ಕೆ ಬರುವಂಥವು. ಕೂಲಿಯನ್ನು ಶನಿವಾರವೇ ಎಣಿಸಬೇಕು. ಸಿಲ್ವರ್‌ಗೆ ಮರಗಸಿ ಕಡಿಮೆ, ಬಳ್ಳಿಗೆ ನೆಟ್ಟನೆಯ ಆಸರೆ, ಮಗಳ ಮದುವೆಗೆ ಮರ ಮಾರಿದರೆ ಕೈತುಂಬ ಹಣ. ಅದರ ಮೇಲೆ, 2004ರಲ್ಲಿ ವಿಜ್ಞಾನಿಗಳು ಹೆಸರಿಟ್ಟ ಗಂಟುಕಣಜ ಎಂಬ ಕೀಟ ಅದೇ ದಶಕದಲ್ಲಿ ದಕ್ಷಿಣ ಭಾರತದ ಹಾಲುವಾಣಗಳಿಗೂ ತಗುಲಿ ಚಿಗುರೆಲ್ಲ ಬುಗುಟು ಬುಗುಟಾಯಿತು. ಇಷ್ಟಾದ ಮೇಲೂ ಬೆಳೆಗಾರ ಹಾಲುವಾಣ ಉಳಿಸಿಕೊಳ್ಳಲಿಲ್ಲ ಎಂದು ಪಟ್ಟಣದಲ್ಲಿ ಕೂತು ಬೈಯುವುದು ಸುಲಭ.

ಹಾಗಾದರೆ ಚೀಲವೇ ಸರಿಯೇ? ಚೀಲ ಅಗ್ಗವಾಗಿರುವುದು ಅದರ ನಿಜವಾದ ವೆಚ್ಚದ ಬಹುಪಾಲನ್ನು ಖಜಾನೆ ಭರಿಸುತ್ತಿರುವುದರಿಂದ. ಯೂರಿಯಾ ತಯಾರಿಸಲು ಬೇಕಾದ ನೈಸರ್ಗಿಕ ಅನಿಲದಲ್ಲಿ ದೊಡ್ಡ ಪಾಲು ಹಡಗಿನಲ್ಲಿ ಬರಬೇಕು. ಯೂರಿಯಾದ ಖರ್ಚು ದೇಶದ ತಲೆಯ ಮೇಲೆ, ಹಾಲುವಾಣದ ಖರ್ಚು ಒಬ್ಬ ಬೆಳೆಗಾರನ ತಲೆಯ ಮೇಲೆ. ಬೆಳೆಗಾರನ ಕಣ್ಣಿಗೆ ಒಂದು ಗೊಬ್ಬರ ಅಗ್ಗ, ಇನ್ನೊಂದು ದುಬಾರಿ ಎನಿಸುವುದು ಇದರಿಂದ. ಇದು ಮಣ್ಣಿನ ವಿಜ್ಞಾನ ಕೊಟ್ಟ ತೀರ್ಪಲ್ಲ, ಸಹಾಯಧನ ಕೊಟ್ಟ ತೀರ್ಪು.

ಇದನ್ನು ತಿದ್ದಲು ಚೀಲವನ್ನು ರಾತ್ರೋರಾತ್ರಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಶ್ರೀಲಂಕಾ 2021ರಲ್ಲಿ ತೋರಿಸಿತು. ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದಿಗೆ ನಿಷೇಧ ಘೋಷಿಸಿದ ಸರ್ಕಾರ, ಭತ್ತ, ಚಹಾ ಎರಡೂ ಕೈಕೊಡುತ್ತಿದ್ದಂತೆ ನವೆಂಬರ್‌ನಲ್ಲಿ ಹಿಂದೆ ಸರಿಯಿತು. ನಮ್ಮಲ್ಲಿ ಭರ್ತಿ ಫಸಲು ಬಿಡುವ ರೊಬಸ್ಟಾ ಕಾಫಿ ತೋಟವೂ ಬರೀ ಸೊಪ್ಪಿನಿಂದ ನಡೆಯುವುದಿಲ್ಲ. ಎಷ್ಟು ಕಾಫಿ ತೋಟದಿಂದ ಹೊರಗೆ ಹೋಗುತ್ತದೋ ಅಷ್ಟು ಸಾರ ಒಳಗೆ ಬರಲೇಬೇಕು. ಅದರಲ್ಲಿ ಒಂದು ಪಾಲನ್ನಾದರೂ ಮರ ಕೊಡುವಂತೆ ಮಾಡಬಹುದು, ಚೀಲ ಅಷ್ಟು ಕಡಿಮೆಯಾಗುತ್ತದೆ.

ಅದಕ್ಕೆ ನಾನು ಕೇಳುವುದು ಸಣ್ಣದು. ಒಂದು ಚೀಲ ಯೂರಿಯಾಕ್ಕೆ ಖಜಾನೆಯಿಂದ ಹೋಗುವ ಹಣದ ಒಂದು ಪಾಲು ಸುಣ್ಣಕ್ಕೂ ಮರಗಸಿಯ ಕೂಲಿಗೂ ಬರಲಿ. ಆಮೇಲೆ ಹಾಲುವಾಣ ಬೇಕೋ ಸಿಲ್ವರ್ ಬೇಕೋ ಎಂದು ಬೆಳೆಗಾರನನ್ನು ಕೇಳಿ. ಹಾಲುವಾಣದ ಗೂಟಕ್ಕೆ ದುಡ್ಡು ಬೇಕಿಲ್ಲ. ಹಳೆ ಮರದ ಕೈಗಾತ್ರದ ರೆಂಬೆ ಕಡಿದು ಜೂನ್ ಮಳೆಗೆ ನೆಟ್ಟರೆ ಅದು ಚಿಗುರುತ್ತದೆ.