ಸ್ಕೂಟರ್ ನಿಲ್ಲೋಕೆ ಎಷ್ಟು ದೂರ ಬೇಕು?

ಈಗೀಗ ಪ್ರತಿ ಭಾನುವಾರ ಸಂಜೆ ನನಗೊಂದು ಹೊಸ ಡ್ಯೂಟಿ. ಒಂಬತ್ತನೇ ಕ್ಲಾಸಿನ ಅಕ್ಕನ ಮಗಳಿಗೆ ವಿಜ್ಞಾನ ಹೇಳಿಕೊಡೋದು. "ಇಂಜಿನಿಯರಿಂಗ್ ಓದಿದೀಯ, ಇಷ್ಟೂ ಆಗಲ್ವೇನೇ?" ಅಂತ ಅಕ್ಕ ಕೇಳಿದ ಮೇಲೆ ತಪ್ಪಿಸಿಕೊಳ್ಳೋಕೆ ದಾರಿ ಇರಲಿಲ್ಲ. ಓದಿ ಎಂಟು ವರ್ಷವಾಗಿದೆ, ಅರ್ಧ ಮರೆತಿದೆ ಅಂತ ಅವಳಿಗೆ ಹೇಗೆ ಹೇಳಲಿ?

ಪಾಠದ ಹೆಸರು ಚಲನೆ. ಮೊದಲ ದಿನ ದೂರಕ್ಕೂ ಸ್ಥಾನಪಲ್ಲಟಕ್ಕೂ ಏನು ವ್ಯತ್ಯಾಸ ಅಂತ ಹೇಳಿಕೊಟ್ಟೆ. ಹೊರಟ ಜಾಗಕ್ಕೇ ವಾಪಸ್ ಬಂದರೆ ಎಷ್ಟು ದೂರ ಓಡಾಡಿದ್ದರೂ ಸ್ಥಾನಪಲ್ಲಟ ಸೊನ್ನೆ. ಹುಡುಗಿ ಒಂದು ನಿಮಿಷ ಯೋಚಿಸಿ, "ಅಂದ್ರೆ ಚಿಕ್ಕಿ, ನೀನು ದಿನಾ ಆಫೀಸಿಗೆ ಹೋಗಿ ಬರ್ತೀಯಲ್ಲ, ಅದೂ ಸೊನ್ನೆನೇ ಅಲ್ವಾ?" ಅಂದಳು. ನನ್ನ ವೃತ್ತಿಜೀವನವನ್ನು ಯಾವ ಮ್ಯಾನೇಜರೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಆದರೆ ಇವತ್ತು ಬರೆಯೋಕೆ ಹೊರಟಿದ್ದು ನಗೋ ವಿಷಯ ಅಲ್ಲ.

ಅದೇ ವಾರ ಪಾಠ ಮುಗಿಸಿ ಇಬ್ಬರೂ ಐಸ್‌ಕ್ರೀಂ ತಿನ್ನೋಕೆ ಅಂತ ನನ್ನ ಸ್ಕೂಟರಿನಲ್ಲಿ ಹೊರಟಿದ್ವಿ. ಭಾನುವಾರ, ರಸ್ತೆ ಖಾಲಿ. ಬಲಗೈ ತಾನಾಗೇ ತಿರುಗಿತು. ಮೆಡಿಕಲ್ ಶಾಪ್ ದಾಟುವಾಗ ಮುಂದಿನ ಕ್ರಾಸಿನಿಂದ ನೀರಿನ ಟ್ಯಾಂಕರೊಂದು ರಿವರ್ಸ್‌ನಲ್ಲಿ ರಸ್ತೆಗೆ ಬಂತು. ಹಿಂದಿನಿಂದ ಹುಡುಗಿ "ಚಿಕ್ಕೀ" ಅಂತ ಕಿರುಚಿದಳು. ಎರಡೂ ಬ್ರೇಕ್ ಹಿಡಿದೆ. ಅವಳ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಟಕ್ ಅಂತ ಬಡಿಯಿತು. ಸ್ಕೂಟರ್ ನಿಂತಾಗ ಟ್ಯಾಂಕರಿಗೂ ನಮಗೂ ನಡುವೆ ಒಂದು ಗೇಣು ಜಾಗ.

"ಅಮ್ಮನಿಗೆ ಹೇಳಬೇಡ" ಅಂದೆ. ಅವಳು ತಲೆ ಆಡಿಸಿದಳು.

ಮುಂದಿನ ಭಾನುವಾರ ಪುಸ್ತಕ ತೆಗೆಯೋ ಮೊದಲೇ ಪ್ರಶ್ನೆ ಬಂತು. "ಅವತ್ತು ನನ್ನ ತಲೆ ಯಾಕೆ ನಿನಗೆ ಬಂದು ಬಡೀತು?"

ಜಡತ್ವ ಅಂತ ಹೇಳಿದೆ. ಬ್ರೇಕ್ ಹಿಡಿದದ್ದು ಚಕ್ರವನ್ನು. ನಿನ್ನ ತಲೆಯನ್ನು ಯಾರೂ ಹಿಡಿದಿರಲಿಲ್ಲ, ಅದು ಅದೇ ಜವದಲ್ಲಿ ಮುಂದಕ್ಕೆ ಹೋಗ್ತಾನೇ ಇತ್ತು. ನ್ಯೂಟನ್ನನ ಮೊದಲ ನಿಯಮ ಹೇಳೋದೂ ಅದನ್ನೇ.

"ಅವತ್ತು ಎಷ್ಟು ಸ್ಪೀಡಲ್ಲಿದ್ದೆ ಚಿಕ್ಕಿ?"

"ಮೂವತ್ತೈದು ಇರಬಹುದು" ಅಂದೆ, ಕಣ್ಣು ಮಿಟುಕಿಸದೆ. ಅವಳು ನೋಟ್‌ಬುಕ್ಕಿನ ಅಂಚಿನಲ್ಲಿ ಅದನ್ನು ಬರೆದುಕೊಂಡಳು.

ಆಮೇಲೆ ಲೆಕ್ಕಕ್ಕೆ ಕೂತೆವು. ಗಂಟೆಗೆ ಇಷ್ಟು ಕಿ.ಮೀ. ಅನ್ನೋದನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಮಾಡೋಕೆ 3.6ರಿಂದ ಭಾಗಿಸಬೇಕು. ಹಾಗಾಗಿ 36 ಕಿ.ಮೀ. ಅಂದರೆ ಸೆಕೆಂಡಿಗೆ 10 ಮೀಟರ್. 54 ಅಂದರೆ 15. 72 ಅಂದರೆ 20. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ಜವ ಇಳಿಯುತ್ತೆ ಅಂತ ಇಟ್ಟುಕೊಂಡೆವು.

36ರಲ್ಲಿ ಇದ್ದವಳಿಗೆ ನಿಲ್ಲೋಕೆ 2 ಸೆಕೆಂಡ್ ಬೇಕು. ಅಷ್ಟರಲ್ಲಿ ಅವಳ ಜವ 10ರಿಂದ ಸೊನ್ನೆಗೆ ಇಳಿಯುತ್ತೆ, ಸರಾಸರಿ 5. ಎರಡು ಸೆಕೆಂಡಿಗೆ 10 ಮೀಟರ್. 72ರಲ್ಲಿ ಇದ್ದವಳಿಗೆ 4 ಸೆಕೆಂಡ್, ಸರಾಸರಿ 10, ಅಂದರೆ 40 ಮೀಟರ್.

"ಸ್ಪೀಡ್ ಡಬಲ್ ಆದ್ರೆ ದೂರಾನೂ ಡಬಲ್ ಆಗಬೇಕಲ್ವಾ? ನಾಲ್ಕು ಪಟ್ಟು ಹೇಗಾಯ್ತು?"

ವಿ ಸ್ಕ್ವೇರ್ ಈಕ್ವಲ್ಸ್ ಯು ಸ್ಕ್ವೇರ್ ಪ್ಲಸ್ ಟು ಎ ಎಸ್. ನಾನು ಇದನ್ನು ಮಗ್ಗಿ ಥರ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡವಳು. ಆ ಸ್ಕ್ವೇರ್ ಎಲ್ಲಿಂದ ಬಂತು ಅಂತ ಕೇಳಿಕೊಂಡಿದ್ದು ಮೊನ್ನೆಯೇ ಮೊದಲು. ಉತ್ತರ ನಮ್ಮ ಲೆಕ್ಕದಲ್ಲೇ ಇತ್ತು. ಜವ ಎರಡು ಪಟ್ಟಾದರೆ ನಿಲ್ಲೋಕೆ ಸಮಯವೂ ಎರಡು ಪಟ್ಟು ಬೇಕು. ಆ ಸಮಯದಲ್ಲಿ ಓಡೋ ಸರಾಸರಿ ಜವವೂ ಎರಡು ಪಟ್ಟು. ಎರಡೆರಡ್ಲ ನಾಲ್ಕು. ಅಷ್ಟೇ.

ಗೆಲಿಲಿಯೊ ಇದರ ತಿರುವುಮುರುವನ್ನು ಅಳೆದಿದ್ದ. ಓರೆಯಾಗಿಟ್ಟ ಹಲಗೆಯ ತೋಡಿನಲ್ಲಿ ಕಂಚಿನ ಗುಂಡು ಉರುಳಿಸುತ್ತಿದ್ದ. ಆಗ ಸ್ಟಾಪ್‌ವಾಚ್ ಎಲ್ಲಿತ್ತು? ಪಾತ್ರೆಯಿಂದ ಸಣ್ಣಗೆ ಹರಿದ ನೀರನ್ನು ತೂಗಿ ಸಮಯ ಲೆಕ್ಕ ಹಾಕಿದ. ಸಮಯ ಎರಡು ಪಟ್ಟಾದರೆ ಗುಂಡು ಉರುಳಿದ ದೂರ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. 1638ರಲ್ಲಿ ಬಂದ ಅವನ ಪುಸ್ತಕದಲ್ಲಿ ಈ ವಿವರ ಇದೆ. ಬ್ರೇಕ್ ಹಿಡಿಯೋದು ಅಂದರೆ ಅದೇ ಸಿನಿಮಾವನ್ನು ಹಿಂದಿನಿಂದ ಓಡಿಸಿದ ಹಾಗೆ.

ಇಷ್ಟು ದೂರವೂ ಬ್ರೇಕ್ ಹಿಡಿದ ಮೇಲಿನದು. ಹಿಡಿಯೋಕೆ ಮುಂಚೆ? ಅದಕ್ಕೊಂದು ಆಟ ಇದೆ, ನೀವೂ ಮನೆಯಲ್ಲಿ ಆಡಿ ನೋಡಿ. ಒಬ್ಬರು 30 ಸೆಂ.ಮೀ. ಸ್ಕೇಲನ್ನು ಮೇಲಿನ ತುದಿಯಲ್ಲಿ ಹಿಡಿದು ನೇತಾಡಿಸಬೇಕು. ಇನ್ನೊಬ್ಬರು ಸೊನ್ನೆಯ ಹತ್ತಿರ ಎರಡು ಬೆರಳು ಅಗಲಿಸಿಕೊಂಡು ಕಾಯಬೇಕು. ಹೇಳದೆ ಕೇಳದೆ ಸ್ಕೇಲ್ ಬಿಟ್ಟಾಗ ಹಿಡೀಬೇಕು. ನಾನು 18 ಸೆಂ.ಮೀ. ಗೆರೆಯಲ್ಲಿ ಹಿಡಿದೆ. ಬೀಳುವ ವಸ್ತುವಿನ ವೇಗೋತ್ಕರ್ಷ ಗೊತ್ತಿದೆ, 9.8. ಲೆಕ್ಕ ಹಾಕಿದರೆ ನನಗೆ ಹಿಡಿದುದು ಸುಮಾರು 0.19 ಸೆಕೆಂಡ್. ಸ್ವಲ್ಪ ಜಂಬ ಬಂತು.

"ಈಗ ಇನ್ನೊಂದು ಕೈಯಲ್ಲಿ ಫೋನ್ ಇಟ್ಕೊಂಡು, ಒಂದು ಮೆಸೇಜ್ ಓದ್ತಾ ಹಿಡಿ" ಅಂದಳು. ಸ್ಕೇಲ್ ನೆಲಕ್ಕೆ ಬಿತ್ತು. ಮೂರು ಸಲ ಮಾಡಿದೆವು. ಮೂರು ಸಲವೂ ಬಿತ್ತು.

ಇದು ಬೀಳುತ್ತೆ ಅಂತ ಕಾದು ಕೂತಾಗಿನ ಕಥೆ. ರಸ್ತೆಯಲ್ಲಿ ಟ್ಯಾಂಕರ್ ಬರುತ್ತೆ ಅಂತ ಯಾರೂ ಕಾದಿರಲ್ಲ. ಕಾಣಬೇಕು, ಏನು ಅಂತ ಗೊತ್ತಾಗಬೇಕು, ಬೆರಳು ಬ್ರೇಕ್ ಲಿವರಿಗೆ ಹೋಗಬೇಕು. ಇದಕ್ಕೆಲ್ಲ ಒಂದು ಸೆಕೆಂಡ್ ಇಟ್ಟುಕೊಂಡೆವು. ಆ ಒಂದು ಸೆಕೆಂಡ್ ಸ್ಕೂಟರ್ ಪೂರ್ತಿ ಜವದಲ್ಲೇ ಓಡ್ತಿರುತ್ತೆ. ಅದನ್ನೂ ಕೂಡಿದರೆ ನಿಲ್ಲೋಕೆ ಬೇಕಾದ ದೂರ 36ರಲ್ಲಿ 20 ಮೀಟರ್, 54ರಲ್ಲಿ 37.5, 72ರಲ್ಲಿ 60.

ಹುಡುಗಿ ಪೆನ್ನು ಕೆಳಗಿಟ್ಟಳು. "ಚಿಕ್ಕಿ, ನಾನು ಕಿರುಚಿದ್ದು ಮೆಡಿಕಲ್ ಶಾಪ್ ಹತ್ರ. ನಾವು ನಿಂತಿದ್ದು ಕ್ರಾಸ್ ಹತ್ರ. ನಿನ್ನೆ ಅಪ್ಪನ ಜೊತೆ ಹಾಲಿಗೆ ಹೋದಾಗ ಎಣಿಸಿದೆ. ಅರವತ್ತು ಹೆಜ್ಜೆ. ನನ್ನ ಹೆಜ್ಜೆ 62 ಸೆಂಟಿಮೀಟರ್."

ಗುಣಿಸಿ ನೋಡೋ ಅಗತ್ಯ ಇರಲಿಲ್ಲ. ಆದರೂ ಗುಣಿಸಿದೆ. 37.2 ಮೀಟರ್.

ಅಡುಗೆಮನೆಯಲ್ಲಿ ಅಕ್ಕ ಒಗ್ಗರಣೆ ಹಾಕ್ತಿದ್ದ ಸದ್ದು. ಹುಡುಗಿ ನನ್ನ ಮುಖ ನೋಡಲಿಲ್ಲ. ನೋಟ್‌ಬುಕ್ಕಿನ ಅಂಚಿನಲ್ಲಿದ್ದ 35ನ್ನೇ ನೋಡ್ತಾ ಕೂತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಐವತ್ತರ ಮೇಲೇ ಇತ್ತು ಪುಟ್ಟಾ. ಸುಳ್ಳು ಹೇಳಿದೆ" ಅಂದೆ.

ಅವಳು 35ರ ಮೇಲೆ ಗೆರೆ ಎಳೆದು 54 ಅಂತ ಬರೆದಳು. ಆಮೇಲೆ ಅವಳೇ ಕೇಳಿದ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. "ಟ್ಯಾಂಕರ್ ಇನ್ನೂ ಹತ್ರ ಬಂದಿದ್ರೆ? ಇಪ್ಪತ್ತು ಮೀಟರಲ್ಲಿ?"

36ರಲ್ಲಿ ಇದ್ದರೆ ಸರಿಯಾಗಿ ಅಲ್ಲಿಗೆ ನಿಂತಿರ್ತಿದ್ವಿ. 54ರಲ್ಲಿ? ಮೊದಲ 15 ಮೀಟರ್ ಬ್ರೇಕ್ ಹಿಡಿಯೋ ಮೊದಲೇ ಹೋಗಿರುತ್ತೆ. ಉಳಿದಿದ್ದು 5 ಮೀಟರ್. ಅಷ್ಟರಲ್ಲಿ ಜವ ಎಷ್ಟು ಇಳಿಯುತ್ತೆ? ಸೂತ್ರಕ್ಕೆ ಹಾಕಿದೆವು. ಟ್ಯಾಂಕರಿಗೆ ಬಡಿಯೋವಾಗ ಗಂಟೆಗೆ ಸುಮಾರು 48 ಕಿ.ಮೀ. ಒಬ್ಬಳು ಕ್ಷೇಮವಾಗಿ ನಿಲ್ಲುವ ಜಾಗದಲ್ಲಿ ಇನ್ನೊಬ್ಬಳು ಹೆಚ್ಚುಕಮ್ಮಿ ಪೂರ್ತಿ ಸ್ಪೀಡಲ್ಲಿ ಹೋಗಿ ಗುದ್ದುತ್ತಾಳೆ. ನಾನು ಮಾತ್ರ ಅಲ್ಲ, ನನ್ನ ಬೆನ್ನ ಹಿಂದೆ ಕೂತವಳೂ.

ಇದರಿಂದ ಉಳಿಯೋದಾದರೂ ಎಷ್ಟು? 9 ಕಿ.ಮೀ. ದಾರಿ 36ರಲ್ಲಿ 15 ನಿಮಿಷ, 54ರಲ್ಲಿ 10 ನಿಮಿಷ. ಐದೇ ನಿಮಿಷ, ಅದೂ ಒಂದೂ ಸಿಗ್ನಲ್ ಸಿಗದಿದ್ದರೆ. ನಮ್ಮೂರಲ್ಲಿ ಸಿಗ್ನಲ್ ಸಿಗದ ದಾರಿ ಇದ್ದರೆ ನನಗೂ ಹೇಳಿ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ನಾನೇ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇನ್ನೆರಡು ತಿಂಗಳು ಅವಳನ್ನ ನಿನ್ನ ಗಾಡೀಲಿ ಕಳಿಸಲ್ಲ" ಅಂದಳು. ಸರಿ ಅಂದೆ.

ಈಗ ಆಫೀಸಿಗೆ ಹತ್ತು ನಿಮಿಷ ಬೇಗ ಹೊರಡ್ತೀನಿ. ಫೋನ್ ಹೋಲ್ಡರ್ ಬಿಚ್ಚಿಟ್ಟು, ಫೋನನ್ನು ಬ್ಯಾಗಿಗೆ ಹಾಕ್ತೀನಿ. 36ರಲ್ಲಿ ಹೋಗ್ತಾ ಎರಡು ಸೆಕೆಂಡ್ ಮ್ಯಾಪ್ ನೋಡಿದರೂ 20 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೇ ಅಲ್ವಾ? ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ ಎಣಿಸೋಕೆ ಶುರು ಮಾಡ್ತೀನಿ. ಮೂರು ಸೆಕೆಂಡಿಗೆ ಮುಂಚೆ ನಾನು ಆ ಕಂಬ ತಲುಪಿದರೆ ತೀರಾ ಹತ್ತಿರ ಇದ್ದೀನಿ ಅಂತ ಅರ್ಥ. ಮಳೆ ಬಂದರೆ ಇನ್ನೂ ಹಿಂದೆ, ಯಾಕಂದರೆ ರಸ್ತೆಯ ಹಿಡಿತ ಅರ್ಧಕ್ಕೆ ಇಳಿದರೆ ಬ್ರೇಕ್ ದೂರ ಎರಡು ಪಟ್ಟಾಗುತ್ತೆ. ನಾನು ಬಿಟ್ಟ ಜಾಗಕ್ಕೆ ಯಾರಾದರೂ ನುಗ್ಗೇ ನುಗ್ತಾರೆ, ನಿಜ. ನುಗ್ಗಲಿ, ಮತ್ತೆ ಹಿಂದೆ ಸರೀತೀನಿ.

ಹುಡುಗಿಗೆ ಈ ಪಾಠದ ಟೆಸ್ಟಿನಲ್ಲಿ 25ಕ್ಕೆ 23 ಬಂತು. ಕಳೆದ ಎರಡು ಮಾರ್ಕ್ಸ್ ಸ್ಥಾನಪಲ್ಲಟದ ಪ್ರಶ್ನೆಯದಂತೆ. ಈ ಭಾನುವಾರ ಐಸ್‌ಕ್ರೀಂ ತಿನ್ನೋಕೆ ನಡೆದುಕೊಂಡೇ ಹೋಗಿದ್ವಿ.