ಹಾಸಿಗೆಗೆ ಬರುವ ತಿಂಡಿ

ಭಾನುವಾರ ನಮ್ಮ ಮನೆಯಲ್ಲಿ ತಿಂಡಿ ಹಾಸಿಗೆಗೇ ಬರುತ್ತದೆ. ನಮ್ಮ ಯಜಮಾನರು ಇದನ್ನು ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಅವರದು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ರಾತ್ರಿ ಪಾಳಿ. ಮಕ್ಕಳಿಗೆ ಸ್ಕೂಲು, ಟ್ಯೂಷನ್ನು. ಎಲ್ಲರೂ ಒಬ್ಬರ ಮುಖ ಒಬ್ಬರು ನೆಟ್ಟಗೆ ನೋಡುವುದೇ ಭಾನುವಾರ. ಆದ್ದರಿಂದ ದೊಡ್ಡ ಮಂಚದ ಮೇಲೆ ಹಳೇ ಪೇಪರು ಹರಡಿ, ರಗ್ಗಿನೊಳಗೆ ಕಾಲಿಟ್ಟುಕೊಂಡು, ಹರಟುತ್ತ ದೋಸೆ ತಿನ್ನುವುದು ನಮ್ಮಲ್ಲಿ ಪದ್ಧತಿಯಾಗಿದೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ನನ್ನದು ಒಂದೇ ತಕರಾರು. ‘ಬರುತ್ತದೆ’ ಅನ್ನುತ್ತಾರಲ್ಲ, ದೋಸೆಗೆ ಕಾಲಿಲ್ಲ.

ಭಾನುವಾರದ ದೋಸೆ ಶುರುವಾಗುವುದು ಶನಿವಾರ ಮಧ್ಯಾಹ್ನ. ನಾಲ್ಕು ಪಾವು ಅಕ್ಕಿ, ಒಂದು ಪಾವು ಉದ್ದು, ಚಿಟಿಕೆ ಮೆಂತ್ಯ, ಒಂದು ಹಿಡಿ ಅವಲಕ್ಕಿ ನೆನೆಹಾಕಬೇಕು. ಸಂಜೆ ರುಬ್ಬಬೇಕು. ಧನುರ್ಮಾಸದ ಚಳಿಯಲ್ಲಿ ಹಿಟ್ಟು ಹುದುಗುವುದಿಲ್ಲವೆಂದು ಪಾತ್ರೆಗೆ ಟವೆಲು ಸುತ್ತಿ ಒಲೆಯ ಪಕ್ಕ ಬೆಚ್ಚಗಿಡಬೇಕು. ಬೆಳಿಗ್ಗೆ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಆಮೇಲೆ ಓಡಾಟ. ಒಂದು ಭಾನುವಾರ ಎಣಿಸಿದೆ. ಅಡಿಗೆಮನೆಯಿಂದ ಮಂಚಕ್ಕೆ ಹದಿನೇಳು ಸಲ. ‘ಅಮ್ಮಾ, ಇನ್ನೊಂದು’, ‘ಲೇ, ಚಟ್ನಿ’, ‘ನನಗೆ ಗರಿಗರಿ ಬೇಕು’. ಕೊನೆಯ ದೋಸೆ, ಅಂದರೆ ತಳದ ಹಿಟ್ಟಿನ ದಪ್ಪ ದೋಸೆ, ನನ್ನದು. ಅದನ್ನು ನಿಂತುಕೊಂಡೇ ತಿಂದು, ಮಂಚದ ಮೇಲೆ ಚೆಲ್ಲಿದ ಕಾಫಿ ಒರೆಸಲು ಹೋದೆ.

ಇದನ್ನು ಹೇಳಿದರೆ ಯಜಮಾನರು, ‘ಫಾರಿನ್ನಿನಲ್ಲಿ ಎಲ್ಲರೂ ಹೀಗೇ ತಿನ್ನೋದು’ ಅನ್ನುತ್ತಾರೆ. ಫಾರಿನ್ನಿನ ಕಥೆ ನನಗೂ ಅಷ್ಟಿಷ್ಟು ಗೊತ್ತು. ಇಂಗ್ಲೆಂಡಿನ ದೊಡ್ಡ ಬಂಗಲೆಗಳಲ್ಲಿ ಹಾಸಿಗೆಗೆ ತಟ್ಟೆ ಹೋಗುತ್ತಿದ್ದುದು ಮದುವೆಯಾದ ಹೆಂಗಸರಿಗೆ. ಗಂಡಸರು ಕೆಳಗಿಳಿದು ಬಂದು ಮೇಜಿನಲ್ಲಿ ತಿನ್ನಬೇಕಿತ್ತು. ತಟ್ಟೆ ಹೊರುವವಳು ಅಲ್ಲಿಯೂ ಒಬ್ಬ ಕೆಲಸದ ಹುಡುಗಿಯೇ ಎನ್ನಿ. ಅಮೆರಿಕದಲ್ಲಿ ತಾಯಂದಿರ ದಿನ ಮಕ್ಕಳು ತಾಯಿಗೆ ಹಾಸಿಗೆಗೇ ತಿಂಡಿ ತಂದುಕೊಡುತ್ತಾರೆ. ಸಮುದ್ರ ದಾಟಿ ನಮ್ಮ ಮನೆಗೆ ಬರುವಷ್ಟರಲ್ಲಿ ಪದ್ಧತಿ ತಿರುಗಾಮುರುಗಾ ಆಗಿಬಿಟ್ಟಿತು!

‘ಪಾಪ, ಗಂಡಸರು ವಾರವೆಲ್ಲ ದುಡಿದಿರುತ್ತಾರೆ’ ಎನ್ನುವ ಮಾತಿದೆಯಲ್ಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದವರ ಕಣ್ಣು ನೋಡಿದ್ದೇನೆ. ಆದರೆ ಅವರಿಗೆ ಆ ಒಂದು ದಿನ ಪುಕ್ಕಟೆ ಸಿಕ್ಕಿದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳ್ತನದಲ್ಲಿ ಹೋರಾಡಿ 1890ರಲ್ಲಿ ಭಾನುವಾರದ ರಜೆ ಪಡೆದರು. 1948ರ ಕಾರ್ಖಾನೆ ಕಾಯಿದೆಯಲ್ಲಿ ವಾರದ ರಜೆಗೆಂದೇ ಒಂದು ಕಲಮು ಬಂತು. ಅಡಿಗೆಮನೆಗೆ ಯಾವ ಕಾಯಿದೆ? 2019ರಲ್ಲಿ ಕೇಂದ್ರ ಸರ್ಕಾರ ದೇಶದ ಜನ ಹೊತ್ತು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಆ ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ. ಅಂಥವರು ಆಗ ನೂರಕ್ಕೆ 26 ಮಂದಿ. ಉಳಿದವರು ಎಲ್ಲಿದ್ದಾರೆಂದು ಕೇಳಬೇಡಿ, ಭಾನುವಾರವಾದರೆ ಮಂಚದ ಮೇಲಿದ್ದಾರೆ.

ನಮ್ಮ ನಂಜನಗೂಡಿನಲ್ಲೇ 1989ರಲ್ಲಿ ಶುರುವಾದ ನೆಸ್ಲೆ ಕಾರ್ಖಾನೆಯಿದೆ, ಇನ್‌ಸ್ಟಂಟ್ ಕಾಫಿ ಅಲ್ಲೇ ತಯಾರಾಗುತ್ತದೆ. ಒಂದು ಚಮಚ ಪುಡಿ, ಬಿಸಿ ಹಾಲು, ಎರಡು ನಿಮಿಷದ ಕೆಲಸ. ಡಿಕಾಕ್ಷನ್ ಇಳಿಸುವ ಗೋಜೂ ಇಲ್ಲ. ಅಷ್ಟು ಹತ್ತಿರದ ಕಾಫಿ ನನ್ನ ದಿಂಬಿನ ತನಕ ಒಂದು ದಿನವೂ ಬರಲಿಲ್ಲ.

ನಮ್ಮ ಅತ್ತೆಯವರದು ಬೇರೆ ವಾದ. ಹಾಸಿಗೆಯ ಮೇಲೆ ಅನ್ನದ ತಟ್ಟೆ ಇಡಬಾರದು, ದರಿದ್ರ. ಅವರು ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡೇ ತಿನ್ನುವವರು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ, ಭಾನುವಾರ ಒಂಬತ್ತೂವರೆಗೆ ಎಲ್ಲರೂ ಟಿ.ವಿ. ಮುಂದೆ ಕೂತರೆ ಇವರು ಅದೇ ಬಾಗಿಲಲ್ಲಿ ನಿಂತು, ಒಂದು ಕಣ್ಣು ಒಲೆಯ ಮೇಲಿಟ್ಟು ನೋಡಿದರಂತೆ. ಒಮ್ಮೆ ನಾನು ಸಿಟ್ಟಿನಲ್ಲಿ, ‘ನಿಮಗೆ ಯಾವತ್ತೂ ಹಾಸಿಗೆಗೆ ಯಾರೂ ತಂದುಕೊಡಲಿಲ್ಲವಾ ಅತ್ತೆ?’ ಎಂದು ಕೇಳಿಬಿಟ್ಟೆ. ‘ಕೊಟ್ಟಿದ್ದರಮ್ಮ, ನಾಲ್ಕು ಬಾಣಂತನದಲ್ಲಿ. ಟೈಫಾಯಿಡ್ ಬಂದಾಗ ಒಂದು ಸಲ’ ಎಂದರು. ನನ್ನ ಸಿಟ್ಟು ಎಲ್ಲಿ ಹೋಯಿತೋ! ನಮ್ಮ ಹೆಂಗಸರ ಹಾಸಿಗೆಗೆ ತಟ್ಟೆ ಬರಬೇಕಾದರೆ ಹೆರಬೇಕು, ಇಲ್ಲವೇ ಜ್ವರ ಬರಬೇಕು.

ಪಕ್ಕದ ಮನೆಯಾಕೆ, ‘ಆ ಪದ್ಧತಿಯನ್ನೇ ನಿಲ್ಲಿಸಿಬಿಡಿ, ಎಲ್ಲರೂ ಅಡಿಗೆಮನೆಗೆ ಬರಲಿ’ ಎಂದರು. ಯಾಕೆ ನಿಲ್ಲಿಸಲಿ? ಮಕ್ಕಳು ಅಪ್ಪನ ತೊಡೆಗೆ ಒರಗಿ ತಿನ್ನುವುದು, ಸ್ಕೂಲಿನ ಗುಟ್ಟುಗಳೆಲ್ಲ ಹೊರಬೀಳುವುದು ಆ ಮಂಚದ ಮೇಲೆಯೇ. ಆ ನಗು ನನಗೆ ಗೋಡೆಯಾಚೆಯಿಂದ ಕೇಳುತ್ತದೆ. ನನಗೆ ಬೇಕಾಗಿರುವುದು ಆ ಮಂಚದ ಮೇಲೆ ಒಂದು ಜಾಗ. ದೋಸೆಯೇ ಆಗಬೇಕೆಂದಿಲ್ಲ, ಬ್ರೆಡ್ಡಾದರೂ ಸರಿ.

ಹೋದ ಭಾನುವಾರ ನಾನು ಏಳಲಿಲ್ಲ. ಎಂಟು ಗಂಟೆಗೆ ಯಜಮಾನರು ಹಣೆ ಮುಟ್ಟಿ ನೋಡಿ, ‘ಜ್ವರವಾ?’ ಎಂದರು.

‘ಇಲ್ಲ.’

‘ಮತ್ತೆ?’

‘ಭಾನುವಾರ’ ಎಂದೆ.

ಬಹಳ ಹೊತ್ತು ಪಾತ್ರೆಗಳ ಸದ್ದು ಕೇಳಿತು. ಸಾಸಿವೆ ಡಬ್ಬಿ ಎಲ್ಲಿ ಎಂದು ಮಗಳು ಎರಡು ಸಲ ಬಂದು ಕೇಳಿ ಹೋದಳು. ಒಂಬತ್ತೂವರೆಗೆ ಉಪ್ಪಿಟ್ಟು ಬಂತು. ಅಲ್ಲಲ್ಲಿ ಗಂಟು, ಉಪ್ಪು ಒಂದು ಕೈ ಮುಂದು. ಬಿಸಿಯಾಗಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ‘ಬನ್ನಿ ಅತ್ತೆ’ ಎಂದು ಕಾಲು ಮಡಿಸಿ ಜಾಗ ಬಿಟ್ಟೆ. ಸ್ವಲ್ಪ ಹೊತ್ತು ಅನುಮಾನಿಸಿ ಮಂಚದ ತುದಿಗೆ ಕೂತರು. ತಟ್ಟೆಯನ್ನು ಮಾತ್ರ ಹಾಸಿಗೆಗೆ ತಾಗದ ಹಾಗೆ ಕೈಯಲ್ಲೇ ಹಿಡಿದುಕೊಂಡು ತಿಂದರು.

ಸೀದ ಬಾಣಲೆ ಉಜ್ಜುವವರು ಯಾರು ಎನ್ನುವುದು ಅವತ್ತು ಇತ್ಯರ್ಥವಾಗಲಿಲ್ಲ.